ಮೂರು ತಪ್ಪಿನ ಸೆಂಟು, ಬಾಮೈದನ ಮೂಗು

"ಈ ವರ್ಷ ಆ ಹಲ್ಲಿನ ಡಾಕ್ಟರ್ ಟಾರ್ಬೆಲ್‌ನ ಹಲ್ಲು ಉದುರಿಸದಿದ್ದರೆ ನನ್ನ ಹೆಸರು ರೂಫಸ್ ಅಲ್ಲ!"

ಹೀಗೆಂದು ಊಟದ ಮೇಜನ್ನು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ನಾಣ್ಯದ ಪೆಟ್ಟಿಗೆಗಳು, ಭೂತಗನ್ನಡಿಗಳು, ಕುಂಚಗಳು ಎಲ್ಲವೂ ಒಮ್ಮೆ ನೆಗೆದು ಕೂತವು. ಊಟದ ಮೇಜು ಅಂದೆನಲ್ಲ, ಅದು ಹೆಸರಿಗೆ ಮಾತ್ರ. ಅದರ ಮೇಲೆ ಊಟವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ನಾವು ಗಂಡ ಹೆಂಡತಿ ಊಟ ಮಾಡುತ್ತಿದ್ದುದು ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡು, ಕುದುರೆಗಳ ಹಾಗೆ.

"ಹಲ್ಲು ಆಮೇಲೆ ಉದುರಿಸುವೆಯಂತೆ, ಮೊದಲು ಮೇಜು ಖಾಲಿ ಮಾಡು" ಎಂದಳು ನನ್ನ ಹೆಂಡತಿ ಯೂನಿಸ್. "ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂದೇಬಿಡ್ತು. ನಮ್ಮಮ್ಮ, ನನ್ನ ತಮ್ಮ ಎಲ್ಲರನ್ನೂ ಊಟಕ್ಕೆ ಕರೆದಿದೀನಿ. ಹೋದ ವರ್ಷದ ಹಾಗೆ ಮಹಡಿ ಮೆಟ್ಟಿಲ ಮೇಲೆ ಸಾಲಾಗಿ ಕೂತು, ತೊಡೆ ಮೇಲೆ ತಟ್ಟೆ ಇಟ್ಕೊಂಡು ಟರ್ಕಿ ಕೋಳಿ ತಿನ್ನೋಕಾಗಲ್ಲ."

"ಯಾಕಾಗಲ್ಲ? ಮೇಲಿನ ಮೆಟ್ಟಿಲಿನೋರು ಕೆಳಗಿನ ಮೆಟ್ಟಿಲಿನೋರಿಗೆ ಬಡಿಸ್ತಾ ಬಂದ್ರು. ಎಷ್ಟು ಸಲೀಸಾಗಿತ್ತು!"

"ಹೂಂ, ಗ್ರೇವಿನೂ ಸಲೀಸಾಗಿ ಇಳಿದು ಬಂತು. ನಮ್ಮಮ್ಮನ ಕತ್ತಿನ ಪಟ್ಟಿ ಒಳಗೆ!"

ಮಾತಿಗೆ ಮಾತು ಬೆಳೆಯಿತು. ಬೆಳೆದು ಬೆಳೆದು ಪಂದ್ಯಕ್ಕೆ ಬಂದು ನಿಂತಿತು. ನಮ್ಮ ಮರಿಯೆಟ್ಟಾ ಊರಿನ ಹಳೇ ತಾಮ್ರದ ಕ್ಲಬ್ಬಿನ, ಅಂದರೆ ಹಳೇ ತಾಮ್ರದ ಕಾಸು ಕೂಡಿಡುವವರ ಸಂಘದ, ವಾರ್ಷಿಕ ಸ್ಪರ್ಧೆ ಹಬ್ಬಕ್ಕೆ ಕೊಂಚ ಮುಂಚೆ ಇತ್ತು. ಅದರಲ್ಲಿ ನಾನು ಟಾರ್ಬೆಲ್‌ನನ್ನು ಸೋಲಿಸಿ ಗೆದ್ದರೆ ಮೇಜು ನನ್ನದು, ಸಾಯುವವರೆಗೂ ಅವಳು ಆ ಮಾತೆತ್ತುವುದಿಲ್ಲ. ಗೆಲ್ಲದಿದ್ದರೆ ನನ್ನ ತಾಮ್ರವೆಲ್ಲ ನೆಲಮಾಳಿಗೆಗೆ! ನೆಲಮಾಳಿಗೆ ಅಂದರೆ ಸಾಮಾನ್ಯ ಶಿಕ್ಷೆಯಲ್ಲ. ಚಳಿಗಾಲ ಕಳೆಯುತ್ತಲೇ ಒಹಾಯೊ ನದಿ ಹೇಳದೆ ಕೇಳದೆ ಬಂದು ಇಳಿದುಕೊಳ್ಳುವುದು ನಮ್ಮ ನೆಲಮಾಳಿಗೆಯಲ್ಲೇ. ತಾಮ್ರಕ್ಕೆ ತೇವ ತಗುಲಿದರೆ ಹಸಿರು ಕಿಲುಬು. ಅಂದರೆ ನನ್ನ ಇಡೀ ಜೀವಮಾನಕ್ಕೇ ಕಿಲುಬು.

"ಒಪ್ಪಿದೆ!" ಎಂದೆ. ಮತ್ತೊಮ್ಮೆ ಮೇಜು ಗುದ್ದಿದೆ. ಈ ಸಲ ಕೈ ನೋವಾಯಿತು.

ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಅನ್ನುತ್ತೀರಾ? ನನ್ನ ಒಂದು ಸೆಂಟಿನ ಕಾಸಿನಿಂದ! ಅದು ಇವತ್ತಿನ ಸೆಂಟಿನ ಹಾಗೆ ಅಂಗಿ ಗುಂಡಿಯಷ್ಟು ಪುಟಾಣಿಯಲ್ಲ. ಸಾವಿರದ ಎಂಟುನೂರ ಒಂದನೇ ಇಸವಿಯದು, ಅಂಗೈ ತುಂಬುವ ದಪ್ಪ ತಾಮ್ರದ ಬಿಲ್ಲೆ. ಒಂದು ಕಡೆ ಕೂದಲು ಹಾರಿಬಿಟ್ಟ ಸ್ವಾತಂತ್ರ್ಯದೇವಿ, ಇನ್ನೊಂದು ಕಡೆ ಎಲೆಗಳ ಹಾರ. ಆ ಕಾಲದಲ್ಲಿ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವನು ಒಂದೊಂದು ಅಕ್ಷರವನ್ನೂ ಕೈಯಾರೆ ಹೊಡೆದು ಕೂರಿಸಬೇಕಿತ್ತು. ನನ್ನ ಸೆಂಟಿನ ಅಚ್ಚು ಕೊರೆದವನು ಅವತ್ತು ಬೆಳಿಗ್ಗೆ ಹೆಂಡತಿ ಜೊತೆ ಜಗಳವಾಡಿಕೊಂಡು ಬಂದಿದ್ದನೋ ಏನೋ! ದೇಶದ ಹೆಸರಿನ ಮೊದಲ ಅಕ್ಷರವನ್ನೇ ತಲೆಕೆಳಗು ಹೊಡೆದುಬಿಟ್ಟಿದ್ದಾನೆ. ತಿದ್ದಲು ಹೋದದ್ದು ಎರಡು ಕಂಬಗಳಾಗಿ ನಿಂತಿದೆ. ಹಾರಕ್ಕೆ ಎರಡು ತೊಟ್ಟು ಇಡಬೇಕಾದಲ್ಲಿ ಒಂದನ್ನು ಮರೆತಿದ್ದಾನೆ. ಇನ್ನು ಬೆಲೆ? ಡಾಲರಿನ ನೂರರಲ್ಲೊಂದು ಪಾಲು ಅಂತ ಬರೆಯಬೇಕಲ್ಲ, ಒಂದರ ಕೆಳಗೆ ಬರೀ ಸೊನ್ನೆ ಸುತ್ತಿದ್ದಾನೆ. ಅಂದರೆ ಸೊನ್ನೆಯಲ್ಲೊಂದು ಪಾಲು! ಗಣಿತದ ಮೇಷ್ಟ್ರು ಕಂಡರೆ ಮೂರ್ಛೆ ಹೋಗಬೇಕು. ಒಂದೇ ಕಾಸು, ಮೂರು ತಪ್ಪು! ನಮ್ಮಂಥವರಿಗೆ ಇದಕ್ಕಿಂತ ಸ್ವರ್ಗ ಬೇರೆ ಉಂಟೆ?

ಇದನ್ನು ನಾನು ಮನೆಯ ಹುಲ್ಲು ಕತ್ತರಿಸುವ ಯಂತ್ರ ಕೊಟ್ಟು ಬದಲಾಯಿಸಿಕೊಂಡಿದ್ದೆ. ಆಮೇಲೆ ನಮ್ಮ ಅಂಗಳದಲ್ಲಿ ಮೊಲಗಳು ಸಂಸಾರ ಹೂಡಿದವು.

"ನಾನು ಸೂಪಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದ್ರೆ ಮುಖ ಊದಿಸ್ಕೋತೀಯ. ಮೂರು ತಪ್ಪು ಮಾಡಿದ ಆ ಹೆಂಗಸನ್ನ ಮಖಮಲ್ಲಿನ ಮೇಲೆ ಮಲಗಿಸ್ತೀಯ" ಎನ್ನುತ್ತ ಯೂನಿಸ್ ಸ್ವಾತಂತ್ರ್ಯದೇವಿಯನ್ನು ಯಾವಾಗಲೂ ಸವತಿಯ ಹಾಗೆ ನೋಡುತ್ತಿದ್ದಳು.

ತೊಂದರೆ ಏನೆಂದರೆ, ಅದೇ ಅಚ್ಚಿನ ಅದೇ ಮೂರು ತಪ್ಪಿನ ಇನ್ನೊಂದು ಸೆಂಟು ಟಾರ್ಬೆಲ್ ಹತ್ತಿರವೂ ಇತ್ತು. ಪ್ರತಿ ವರ್ಷ ಎರಡನ್ನೂ ಅಕ್ಕಪಕ್ಕ ಇಡುತ್ತಿದ್ದರು, ಸದಸ್ಯರು ಕೈ ಎತ್ತುತ್ತಿದ್ದರು, ಟಾರ್ಬೆಲ್ ಹಲ್ಲು ಕಿರಿಯುತ್ತಿದ್ದ. ಅವನದು ಚೂರೇ ಚೂರು ಹೆಚ್ಚು ಹೊಳಪು, ಅಷ್ಟೇ!

ಹಾಗಾದರೆ ನನ್ನದನ್ನೂ ತಿಕ್ಕಿ ತೊಳೆದು ಹೊಳೆಸಬಾರದೇ ಅನ್ನಬೇಡಿ. ಶಾಂತಂ ಪಾಪಂ! ಹಳೇ ತಾಮ್ರವನ್ನು ತೊಳೆದವನಿಗೆ ನಮ್ಮ ಕ್ಲಬ್ಬಿನಲ್ಲಿ ಕಾಫಿಯೂ ಸಿಗುವುದಿಲ್ಲ. ಹುಣಸೆ, ವಿನಿಗರ್, ಎಣ್ಣೆ, ಬೆಣ್ಣೆ ಎಲ್ಲ ನಿಷಿದ್ಧ. ಒಂಟೆ ಕೂದಲಿನ ಕುಂಚದಿಂದ ಮೆಲ್ಲಗೆ ಸವರಬಹುದು. ಅದು ಬಿಟ್ಟರೆ ಹಿರಿಯರ ಕಾಲದಿಂದ ಬಂದ ಉಪಾಯ ಒಂದೇ ಒಂದು. ಅದು ಮೂಗಿನ ಜಿಡ್ಡು! ಹೆಬ್ಬೆರಳನ್ನು ಮೂಗಿನ ಪಕ್ಕಕ್ಕೆ ಒತ್ತಿ, ಅಲ್ಲಿ ಸಿಕ್ಕ ಜಿಡ್ಡನ್ನು ನಾಣ್ಯಕ್ಕೆ ನವಿರಾಗಿ ತೀಡಬೇಕು. ಮನುಷ್ಯನ ಮೈಯಿಂದ ತಾನಾಗಿ ಬಂದದ್ದಕ್ಕೆ ತಾಮ್ರ ಒಲಿಯುತ್ತದೆ. ನಗಬೇಡಿ. ದೊಡ್ಡ ದೊಡ್ಡವರೆಲ್ಲ ಹೀಗೇ ಮೂಗು ತೇದು ಹೆಸರು ಮಾಡಿದ್ದು.

ಆದರೆ ನನ್ನ ಮೂಗೋ? ಮರಳುಗಾಡು! ನವೆಂಬರಿನ ಚಳಿ, ಮನೆಯೊಳಗೆ ಹೀಟರಿನ ಬಿಸಿಗಾಳಿ. ಎಷ್ಟು ಉಜ್ಜಿದರೂ ಹೊಟ್ಟು ಉದುರಿತೇ ಹೊರತು ಜಿಡ್ಡು ಬರಲಿಲ್ಲ. ಬೆಳಿಗ್ಗೆ ಬೇಕನ್, ಮಧ್ಯಾಹ್ನ ಕರಿದ ಕೋಳಿ, ಸಂಜೆ ಮತ್ತೆ ಬೇಕನ್ ತಿಂದು ನೋಡಿದೆ. ತಿಂದ ಕೊಬ್ಬೆಲ್ಲ ಹೊಟ್ಟೆಯಲ್ಲೇ ಕಾಯಂ ಆಗಿ ಮನೆ ಮಾಡಿತು. ಮೂಗಿನ ತನಕ ಏರಿ ಬರುವ ಉತ್ಸಾಹ ಒಂದು ಹನಿಗೂ ಇರಲಿಲ್ಲ.

"ನಿನ್ನ ಮೂಗಿಗೆ ಏನಾಗಿದೆ? ಟೊಮೇಟೊ ಆಗಿದೆಯಲ್ಲ!" ಎಂದಳು ಯೂನಿಸ್.

"ಕಲೆಗಾಗಿ ತೇಯ್ತಾ ಇದೀನಿ" ಎಂದೆ.

"ತೇದ್ರೆ ಗಂಧ ಬರುತ್ತೆ ಅಂತ ಕೇಳಿದ್ದೆ. ನಿನಗೆ ಶೀತ ಬರುತ್ತೆ ನೋಡ್ಕೋ."

ಭಾನುವಾರ ಬಂತು. ಜೊತೆಗೆ ಬಾಮೈದ ಡೆಲ್ಬರ್ಟ್ ಬಂದ. ಅವನದು ಡೋನಟ್ ಅಂಗಡಿ, ಹಿಟ್ಟಿನ ಬಳೆಗಳನ್ನು ಕರಿದು ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ ಮಾರುವ ವ್ಯಾಪಾರ. ಬೆಳಗಿನಿಂದ ಕುದಿಯುವ ಕೊಬ್ಬಿನ ಬಾಣಲೆ ಮೇಲೆ ಬಗ್ಗಿ ನಿಲ್ಲುವ ಆಸಾಮಿ. ಬಾಗಿಲಲ್ಲಿ ನಿಂತು ಟೋಪಿ ತೆಗೆದ. ನಾನು ಅವನ ಮೂಗು ನೋಡಿದೆ. ಅಬ್ಬಬ್ಬಾ! ಇಷ್ಟು ವರ್ಷ ಈ ಸಂಪತ್ತು ನಮ್ಮ ಮನೆಗೆ ಬಂದು ಬಂದು ಹೋಗುತ್ತಿತ್ತು, ನಾನು ಕಣ್ಣೆತ್ತಿಯೂ ನೋಡಿರಲಿಲ್ಲವಲ್ಲ! ದಪ್ಪ ಮೂಗು, ದುಂಡು ಮೂಗು, ಫಳಫಳ ಮೂಗು! ಅದರಲ್ಲಿ ನಮ್ಮ ಕಿಟಕಿ, ಕಿಟಕಿಯಾಚೆಯ ಮರ, ಮರದ ಮೇಲಿನ ಅಳಿಲು ಎಲ್ಲ ಕಾಣುತ್ತಿದ್ದವು. ಮದುವೆಯಾದ ಮೇಲೆ ಮೊದಲ ಸಲ ಬಾಮೈದನ ಮೇಲೆ ನಿಜವಾದ ಪ್ರೀತಿ ಉಕ್ಕಿ ಬಂತು.

"ಬಾ ಬಾ, ಡೆಲ್ಬರ್ಟ್! ಎಲ್ಲಿ, ಮೂಗಿನ ಮೇಲೆ ಏನೋ ಹಿಟ್ಟು ಮೆತ್ತಿದೆ" ಎಂದು ಹೆಬ್ಬೆರಳಿಟ್ಟು ಒಮ್ಮೆ ಒರೆಸಿದೆ.

"ಹೋಯ್ತಾ, ಭಾವ?"

"ಇನ್ನೂ ಇದೆ" ಎಂದು ಇನ್ನೊಮ್ಮೆ ಒರೆಸಿದೆ. ಬೆರಳನ್ನು ಎತ್ತಿ ಹಿಡಿದುಕೊಂಡು, ದೇವರಿಗೆ ದೀಪ ಹಿಡಿದವನ ಹಾಗೆ, ಯಾವುದಕ್ಕೂ ತಾಗಿಸದೆ ಮೇಜಿನ ಕಡೆ ಓಡಿದೆ. ಸೆಂಟಿಗೆ ತೀಡಿದೆ. ಸ್ವಾತಂತ್ರ್ಯದೇವಿಯ ಕೆನ್ನೆ ಒಂದು ಸಲಕ್ಕೇ ಮಿರಿಮಿರಿ ಮಿಂಚಿತು! ಮದುವೆ ಹೆಣ್ಣಿಗೂ ಅಂಥ ಕಳೆ ಬರುವುದಿಲ್ಲ. ಆದರೆ ಒಂದೇ ಕೆನ್ನೆ. ಹಣೆ, ಕೂದಲು, ಕತ್ತು, ಹಿಂಬದಿಯ ಮೂರೂ ತಪ್ಪುಗಳು ಇನ್ನೂ ಮಂಕಾಗಿಯೇ ಇದ್ದವು. ಮೂಗು ಇನ್ನೂ ಬೇಕಿತ್ತು. ಬಹಳ ಬೇಕಿತ್ತು.

ಅಂದಿನಿಂದ ನಾನು ಡೋನಟ್ ಅಂಗಡಿಯ ಕಾಯಂ ಗಿರಾಕಿಯಾದೆ. ಸೋಮವಾರ "ಏ, ಸೊಳ್ಳೆ!" ಎಂದು ಮೂಗಿಗೆ ಕೈ ಹಾಕಿದೆ.

"ಹೊರಗಡೆ ಹಿಮ ಬೀಳ್ತಾ ಇದೆ, ಭಾವ. ಸೊಳ್ಳೆ ಎಲ್ಲಿಂದ ಬರುತ್ತೆ?"

"ಅದಕ್ಕೇ ಬೆಚ್ಚಗಿರೋ ನಿನ್ನ ಮೂಗು ಹುಡುಕ್ಕೊಂಡು ಬಂದಿದೆ ಪಾಪ!"

ಮಂಗಳವಾರ ಅವನ ಮೂಗು ಅವರ ತಾತನ ಮೂಗಿನ ಹಾಗೇ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿದೆ. ಬುಧವಾರ ಅಭಿಮಾನ ತಡೆಯಲಾರದೆ ಸುಮ್ಮನೆ ಹಿಂಡಿದೆ. ಮಂದಿ ಇನ್ನೊಬ್ಬರ ಮೂಗಿಗೆ ತುಪ್ಪ ಸವರುವುದನ್ನು ನೀವು ಕಂಡಿರಬಹುದು. ಇನ್ನೊಬ್ಬರ ಮೂಗಿನಿಂದ ತುಪ್ಪ ಕದ್ದವನು ಈ ಭೂಮಂಡಲದಲ್ಲಿ ನಾನೊಬ್ಬನೇ! ಪ್ರತಿ ಸಲವೂ ನೆಪಕ್ಕೆ ಡೋನಟ್ ತಿನ್ನಬೇಕು, ಬೆರಳೊಂದನ್ನು ಆಕಾಶಕ್ಕೆ ಎತ್ತಿ ಹಿಡಿದೇ ಮನೆಗೆ ಓಡಬೇಕು. ಬೀದಿಯ ಜನ ನಾನು ಸ್ವರ್ಗದ ದಾರಿ ತೋರಿಸುತ್ತಿದ್ದೇನೆ ಅಂದುಕೊಂಡು ಟೋಪಿ ತೆಗೆದರು.

ಗುರುವಾರ ಅಂಗಡಿಯಿಂದ ಮನೆಗೆ ಬಂದರೆ ಯೂನಿಸ್ ಫೋನಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಡೆಲ್ಬರ್ಟ್ ಫೋನ್ ಮಾಡಿದ್ದ. ಭಾವನಿಗೆ ತಲೆ ಕೆಟ್ಟಿದೆ, ದಿನಾ ಬಂದು ನನ್ನ ಮೂಗು ಹಿಡೀತಾನೆ, ಗಿರಾಕಿಗಳ ಎದುರಿಗೆ ನಾಚಿಕೆ ಆಗುತ್ತೆ ಅಂತ ಅಳ್ತಾ ಇದ್ದ. ಏನದು?"

ಬೆರಳು ಮೇಲಿತ್ತು. ಸುಳ್ಳು ಹೇಳಲು ಪುರುಸೊತ್ತಿರಲಿಲ್ಲ, ಜಿಡ್ಡು ಆರಿಹೋಗುತ್ತಿತ್ತು. ಎಲ್ಲವನ್ನೂ ಒದರಿಬಿಟ್ಟೆ. ಯೂನಿಸ್ ಕುರ್ಚಿ ಮೇಲೆ ಕೂತು ನಕ್ಕಳು. ನಕ್ಕು ನಕ್ಕು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

"ಇಷ್ಟೇನಾ? ನಾನು ಇನ್ನೇನೋ ಕಾಯಿಲೆ ಅಂದ್ಕೊಂಡೆ! ಆಯ್ತು ಬಿಡು, ಮೂಗು ತಾನೇ, ಸವೆದು ಹೋಗುತ್ತಾ? ನಾನು ಡೆಲ್ಬರ್ಟ್‌ಗೆ ಸಮಾಧಾನ ಹೇಳ್ತೀನಿ. ನೀನು ನಿನ್ನ ಕೆಲಸ ಮಾಡ್ಕೋ."

ಇಂಥ ಹೆಂಡತಿ ಯಾರಿಗುಂಟು! ಕಣ್ಣು ತುಂಬಿ ಬಂತು. ಇವಳನ್ನೇ ಸೋಲಿಸಿ ಮೇಜು ಕಿತ್ತುಕೊಳ್ಳಬೇಕಲ್ಲ ಅಂತ ಒಂದು ಗಳಿಗೆ ಸಂಕಟವೂ ಆಯಿತು. ಒಂದೇ ಗಳಿಗೆ.

ಶನಿವಾರ ಮಧ್ಯಾಹ್ನ, ಚರ್ಚಿನ ಕೆಳಗಿನ ಹಜಾರದಲ್ಲಿ ಮಹಾಸಮರ! ಕ್ಲಬ್ಬಿನ ಅಧ್ಯಕ್ಷೆ ಮಿಸೆಸ್ ವಿನ್‌ಶಿಪ್ ನೀಲಿ ಮಖಮಲ್ಲು ಹಾಸಿದರು. ಗೆದ್ದವರಿಗೆ ಕೊಡುವ ತಾಮ್ರದ ಹೂಜಿ ಪಕ್ಕದಲ್ಲಿ ಕಾಯುತ್ತಿತ್ತು. ನಾನು ನನ್ನ ಸೆಂಟನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ಇಟ್ಟೆ. ಸದಸ್ಯರೆಲ್ಲ "ಓಹೋ" ಎಂದರು. ದೇವಿಯ ಕೆನ್ನೆ, ಕೂದಲು, ಕತ್ತು ಎಲ್ಲ ಜಗಜಗ! ತಿರುಗಿಸಿದೆ. ಮೂರೂ ತಪ್ಪುಗಳು ರಾಜಠೀವಿಯಿಂದ ಮಿಂಚಿದವು. ಎದೆಯುಬ್ಬಿಸಿ ಟಾರ್ಬೆಲ್ ಕಡೆ ನೋಡಿದೆ.

ಟಾರ್ಬೆಲ್ ತನ್ನ ಸೆಂಟನ್ನು ಬಿಚ್ಚಿಟ್ಟ. ಸದಸ್ಯರು ಮತ್ತೆ "ಓಹೋ" ಎಂದರು. ಅದೂ ಜಗಜಗ! ಅದೇ ಕಳೆ, ಅದೇ ಮಿಂಚು. ಯಾವುದು ನನ್ನದು, ಯಾವುದು ಅವನದು ಅಂತ ನನಗೇ ಗುರುತು ಸಿಗಲಿಲ್ಲ.

ಮಿಸೆಸ್ ವಿನ್‌ಶಿಪ್ ಭೂತಗನ್ನಡಿ ಹಿಡಿದು ಬಗ್ಗಿದರು. ಇನ್ನೂ ಬಗ್ಗಿದರು. ಆಮೇಲೆ ಭೂತಗನ್ನಡಿ ಕೆಳಗಿಟ್ಟು, ನನ್ನ ಸೆಂಟನ್ನು ಅಂಚಿನಲ್ಲಿ ಎತ್ತಿ ತಮ್ಮ ಮೂಗಿಗೆ ಹಿಡಿದರು.

"ರೂಫಸ್, ನಿನ್ನ ಸೆಂಟಿಗೆ ಸೆಂಟು ಹಾಕಿದೀಯೇನಪ್ಪ?"

"ಏನಮ್ಮಾ?"

"ದಾಲ್ಚಿನ್ನಿ ವಾಸನೆ ಬರ್ತಾ ಇದೆ."

ಹಜಾರದಲ್ಲಿ ನಗು ಎದ್ದಿತು. ಟಾರ್ಬೆಲ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವರು ಅವನ ಸೆಂಟನ್ನೂ ಎತ್ತಿ ಮೂಸಿದರು.

"ಡಾಕ್ಟ್ರೇ, ನಿಮ್ಮದರಲ್ಲಿ ಸಕ್ಕರೆನೂ ಇದೆ!"

ಟಾರ್ಬೆಲ್‌ನ ನಗು ಅರ್ಧದಲ್ಲೇ ನಿಂತಿತು. ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರಿಗೂ ಒಂದೇ ಕ್ಷಣಕ್ಕೆ ಹೊಳೆಯಿತು. ಆ ಜಿಡ್ಡಿನಷ್ಟೇ ಚೆನ್ನಾಗಿ ಹೊಳೆಯಿತು!

"ಅಯ್ಯೋ ಕಳ್ಳಾ! ಅದು ನಮ್ಮ ಮನೆ ಮೂಗು!" ಎಂದು ಕೂಗಿದೆ.

"ಮೂಗಿಗೆ ನಿನ್ನ ಹೆಸರು ಬರೆದಿದೆಯಾ? ಊರಿನ ಮೂಗು ಅದು!" ಎಂದ ಅವನು.

ಸರಿಯಾಗಿ ಆ ಹೊತ್ತಿಗೆ ಕ್ಲಬ್ಬಿನ ಕಾಫಿಗೆಂದು ಡೋನಟ್ ತಟ್ಟೆ ಹೊತ್ತು ಡೆಲ್ಬರ್ಟ್ ಒಳಗೆ ಬರಬೇಕೆ! ಹಜಾರದ ಮಂದಿಯೆಲ್ಲ ಒಟ್ಟಿಗೆ ಅವನ ಮೂಗಿನ ಕಡೆ ತಿರುಗಿದರು. ಅದು ಕೆಂಪಗೆ, ಉಬ್ಬಿಕೊಂಡು, ದೀಪದ ಬೆಳಕಲ್ಲಿ ನಿಗಿನಿಗಿ ಉರಿಯುತ್ತಿತ್ತು.

"ಏನು ಎಲ್ಲರೂ ಹಂಗೆ ನೋಡ್ತೀರ?" ಎಂದ. ಮಿಸೆಸ್ ವಿನ್‌ಶಿಪ್ ವಿಷಯ ತಿಳಿಸಿದರು. ಅವನು ತಟ್ಟೆಯನ್ನು ದಢಾರನೆ ಕುಕ್ಕಿದ.

"ಓಹೋ, ಇದಕ್ಕಾ! ಭಾವ ಸೊಳ್ಳೆ ಅಂತ ಹೊಡೆದ. ಡಾಕ್ಟ್ರು ನಿನ್ನೆ ಬಿಟ್ಟಿಯಾಗಿ ಹಲ್ಲು ನೋಡ್ತೀನಿ ಬಾ ಅಂತ ಕರೆದು, ಬಾಯಿಗೆ ಹತ್ತಿ ತುರುಕಿ, ಮೂಗಿನ ನರಕ್ಕೂ ದವಡೆಗೂ ಸಂಬಂಧ ಇದೆ ಅಂತ ಇಡೀ ಮಧ್ಯಾಹ್ನ ಮೂಗು ಉಜ್ಜಿದ್ರು! ನಾನೇನು ಮನುಷ್ಯನೋ, ಬೆಣ್ಣೆ ಭರಣಿಯೋ?"

"ಇದು ಮೂಗಿನ ಜಿಡ್ಡಲ್ಲ, ಬಾಣಲೆಯ ಕೊಬ್ಬು" ಎಂದರು ಮಿಸೆಸ್ ವಿನ್‌ಶಿಪ್. "ಅಡುಗೆಮನೆ ಪದಾರ್ಥ ತಾಮ್ರಕ್ಕೆ ಹಚ್ಚೋ ಹಾಗಿಲ್ಲ. ಇಬ್ಬರೂ ಸ್ಪರ್ಧೆಯಿಂದ ಹೊರಗೆ!"

ಆಗ ಒಂದು ಪವಾಡ ನಡೆಯಿತು. ಹುಟ್ಟಾ ವೈರಿಗಳಾದ ನಾನೂ ಟಾರ್ಬೆಲ್ಲೂ ಹೆಗಲಿಗೆ ಹೆಗಲು ಕೊಟ್ಟು ವಾದಕ್ಕೆ ನಿಂತೆವು. "ಮೂಗಿನ ಮೇಲಿರೋದೆಲ್ಲ ಮೂಗಿಂದೇ!" ಎಂದೆ ನಾನು. "ಬಾಣಲೆಯಿಂದ ಹಾರಿದ ಮೇಲೆ ಅದಕ್ಕೆ ಬಾಣಲೆ ಜೊತೆ ಸಂಬಂಧ ಇಲ್ಲ!" ಎಂದ ಅವನು. "ಕಾನೂನಿನಲ್ಲಿ ಯಾರ ಮೂಗು ಅಂತ ಎಲ್ಲಿ ಬರೆದಿದೆ?" ಎಂದೆ. "ಭೇಷ್, ರೂಫಸ್!" ಎಂದ. ಏನು ವಾದಿಸಿದರೇನು? ಮಿಸೆಸ್ ವಿನ್‌ಶಿಪ್ ತಮ್ಮ ಮೂಗಿನ ನೇರಕ್ಕೇ ತೀರ್ಪು ಕೊಟ್ಟರು.

ಅಷ್ಟಕ್ಕೇ ಮುಗಿಯಿತೆ? "ಹೂಜಿ ಖಾಲಿ ವಾಪಸ್ ಹೋಗೋದು ಅಪಶಕುನ. ಈ ಹಜಾರದಲ್ಲಿ ಈಗ ಇರೋದರಲ್ಲಿ ಅತಿ ಚಂದದ ತಾಮ್ರ ಬಣ್ಣ ಯಾವುದು ಅಂತ ಸದಸ್ಯರೇ ಹೇಳಲಿ" ಎಂದು ಅವರು ಡೆಲ್ಬರ್ಟ್ ಕಡೆ ಕೈ ತೋರಿಸಿದರು. "ಮೂಲ ಮೇಲ್ಮೈ! ತೊಳೆದಿಲ್ಲ, ಗೀರಿಲ್ಲ, ಕಿಲುಬಿಲ್ಲ!" ಎಂದು ಯಾರೋ ಹಿಂದಿನಿಂದ ಕೂಗಿದರು. ಕೈಗಳೆಲ್ಲ ಮೇಲೆದ್ದವು. ಹೀಗೆ ನಮ್ಮ ಕ್ಲಬ್ಬಿನ ಮಹಾಪ್ರಶಸ್ತಿ ನನ್ನ ಬಾಮೈದನ ಮೂಗಿನ ಪಾಲಾಯಿತು. ಒಂದೇ ಒಂದು ಹಳೇ ಕಾಸಿಲ್ಲದ ಡೆಲ್ಬರ್ಟ್ ಹೂಜಿಯನ್ನು ತಬ್ಬಿಕೊಂಡು ಗಳಗಳ ಅತ್ತ. ನನಗೂ ಅಳು ಬಂತು, ಕಾರಣ ಬೇರೆ.

ಮನೆಗೆ ಬಂದು ಯೂನಿಸ್‌ಗೆ ಹೇಳಿದೆ. "ಸೋಲಲಿಲ್ಲ ಕಣೇ. ಸ್ಪರ್ಧೆನೇ ನಡೀಲಿಲ್ಲ ಅನ್ನು."

"ಮಾತಾಗಿದ್ದು ಗೆದ್ರೆ ಅಂತ. ಗೆದ್ದೆಯಾ?"

"ಇಲ್ಲ."

"ಪೆಟ್ಟಿಗೆಗಳನ್ನ ಜೋಪಾನವಾಗಿ ಇಳಿಸು. ಆಮೇಲೆ ಬೆನ್ನು ಹಿಡ್ಕೋತು ಅನ್ನಬೇಡ. ಅಲ್ಲಿ ಎತ್ತರದಲ್ಲಿ ಅಟ್ಟ ಹೊಡೆಸಿದೀನಿ, ನದಿ ಬಂದ್ರೂ ಅಲ್ಲೀತನಕ ಏರಲ್ಲ."

ಅಟ್ಟ ಆಗಲೇ ಸಿದ್ಧವಾಗಿತ್ತು! ಬಣ್ಣವೂ ಒಣಗಿತ್ತು! ಆ ಬಣ್ಣ ಒಣಗಲು ಎಷ್ಟು ದಿನ ಬೇಕು ಅನ್ನುವ ಲೆಕ್ಕ ಆಗ ನನ್ನ ತಲೆಗೆ ಹೋಗಲಿಲ್ಲ. ತಲೆಯ ತುಂಬ ಬೇರೆ ಪ್ರಶ್ನೆ ಕೊರೆಯುತ್ತಿತ್ತು. ಊರಿನಲ್ಲಿ ಅಷ್ಟೊಂದು ಮೂಗುಗಳಿರುವಾಗ ಟಾರ್ಬೆಲ್‌ಗೆ ಅದೇ ಮೂಗು ಹೇಗೆ ಸಿಕ್ಕಿತು?

ಥ್ಯಾಂಕ್ಸ್‌ಗಿವಿಂಗ್ ದಿನ ಊಟದ ಮೇಜು ಬಿಳಿ ಬಟ್ಟೆ ಹೊದ್ದು ಹೊಸ ಮದುಮಗಳಾಗಿತ್ತು. ನಡುವೆ ಟರ್ಕಿ ಕೋಳಿ ಹೊಗೆಯಾಡುತ್ತಿತ್ತು. ಅತ್ತೆ ತುದಿಯ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತಿದ್ದರು. ಡೆಲ್ಬರ್ಟ್ ತನ್ನ ಹೂಜಿಯನ್ನು ಜೊತೆಗೇ ತಂದು ತಟ್ಟೆ ಪಕ್ಕದಲ್ಲಿ ಇಟ್ಟುಕೊಂಡಿದ್ದ. ನಾನು ಚಾಕು ಮಸೆಯುತ್ತಿದ್ದೆ. ಗಂಟೆ ಬಾರಿಸಿತು. ಬಾಗಿಲು ತೆರೆದರೆ ಕುಂಬಳಕಾಯಿ ಪೈ ಹಿಡಿದು ಹಲ್ಲು ಕಿರಿಯುತ್ತ ನಿಂತವನು ಡಾಕ್ಟರ್ ಟಾರ್ಬೆಲ್!

"ಯೂನಿಸ್ ಕರೆದಿದ್ದಳು" ಎಂದು ಒಳಗೆ ಬಂದು ಅವಳ ಕೈ ಕುಲುಕಿದ. "ಅಮ್ಮಾ ತಾಯಿ, ನೀನು ಫೋನ್ ಮಾಡಿ ನಿನ್ನ ತಮ್ಮನ ಮೂಗಿನ ಗುಟ್ಟು ಹೇಳದೆ ಇದ್ದಿದ್ರೆ ಈ ವರ್ಷ ನಿನ್ನ ಗಂಡ ನನ್ನ ಮಾನ ಕಳೀತಿದ್ದ!"

ನಾನು ಮೂಗಿನ ಮೇಲೆ ಬೆರಳಿಟ್ಟೆ. ನನ್ನದೇ ಮೂಗಿನ ಮೇಲೆ.

"ನೀನಾ? ನೀನು ಹೇಳಿದ್ಯಾ, ಯೂನಿಸ್? ಕಟ್ಟಿಕೊಂಡ ಗಂಡನ ಗುಟ್ಟನ್ನ ಶತ್ರುಗೆ ಹೇಳೋದು ತಪ್ಪಲ್ವಾ?"

ಯೂನಿಸ್ ಶಾಂತವಾಗಿ ಗ್ರೇವಿ ಬಟ್ಟಲನ್ನು ಮೇಜಿನ ನಡುವೆ ಇಟ್ಟಳು. ತಪ್ಪು ಒಪ್ಪಿಕೊಳ್ಳುವಾಗ ಯಾರ ಮುಖವೂ ಅಷ್ಟು ಗೆಲುವಾಗಿದ್ದುದನ್ನು ನಾನು ಕಂಡಿಲ್ಲ.

"ಹೂಂ, ತಪ್ಪೇ. ಶುದ್ಧ ತಪ್ಪು. ಎಲ್ಲೂ ಸಿಗದಂಥ ತಪ್ಪು! ನಿನ್ನ ಸಂಗ್ರಹಕ್ಕೆ ಸೇರಿಸ್ಕೊಂಡುಬಿಡು. ಈಗ ಕೆಳಗೆ ಹೋಗಿ ಡಾಕ್ಟ್ರಿಗೆ ಒಂದು ಕುರ್ಚಿ ತಗೊಂಡು ಬಾ."

ಹೋಗಿ ಕುರ್ಚಿ ತಂದೆ.